ಸಾಕ್ಷಿ ಮರಳಿ ಹೋಗುವ ಬಸ್ಸು

ನಿವೃತ್ತಿ ಎನ್ನುವ ಮಾತಿಗೆ ನನ್ನ ವಯಸ್ಸು ಸಾಲದು. ಆದರೆ ಬಿಟ್ಟ ಕೆಲಸಕ್ಕೆ ಮತ್ತೆ ಹೋಗುವುದಿಲ್ಲ ಎಂಬುದು ಖಚಿತವಾಗಿರುವುದರಿಂದ ಬೇರೆ ಪದ ಹೊಳೆಯುತ್ತಿಲ್ಲ. ಈಗ ಪಾಂಡವಪುರದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಅದಕ್ಕೂ ಮೊದಲು, ಕ್ರಿಮಿನಲ್ ಪ್ರಕರಣಗಳು ನ್ಯಾಯಾಲಯದಲ್ಲಿ ಹೇಗೆ ನಡೆಯುತ್ತವೆ ಎಂದು ಅಧ್ಯಯನ ಮಾಡುವ ಸಂಸ್ಥೆಯೊಂದರಲ್ಲಿ ಸಂಶೋಧಕಿಯಾಗಿದ್ದೆ. ಟೀವಿಯವರು ಕರೆದಾಗ ಅದೇ ವಿಷಯದ ತಜ್ಞೆಯಾಗಿ ಮಾತಾಡುತ್ತಿದ್ದೆ. ನನ್ನ ಇಬ್ಬರು ವಿದ್ಯಾರ್ಥಿನಿಯರು ಈಗ ಆ ಕೆಲಸಕ್ಕೆ ಸೇರುತ್ತಿದ್ದಾರೆ. ಸ್ಟಾಫ್ ರೂಮಿಗೆ ಬಂದು, "ಮೇಡಂ, ಕೆಲಸ ಹೇಗಿರುತ್ತೆ?" ಎಂದು ಕೇಳಿದರು. "ಓಡಾಟ ಜಾಸ್ತಿ," ಎಂದೆ. ಅವರು ಹೋದ ಮೇಲೆ, ಆ ಉತ್ತರ ಸಾಲದು ಅನ್ನಿಸಿತು. ಎದುರು ಕೂತು ಹೇಳುವುದು ನನಗೆ ಬರುವುದಿಲ್ಲ. ಬರೆಯುವುದು ಸ್ವಲ್ಪ ಬರುತ್ತದೆ.

ನಮ್ಮ ಸಂಸ್ಥೆಗೆ ಕೊಟ್ಟಿದ್ದ ಪ್ರಶ್ನೆ ಸರಳವಾಗಿತ್ತು. ಪೊಲೀಸರ ಮುಂದೆ ಒಂದು ಹೇಳಿಕೆ ಕೊಟ್ಟ ಸಾಕ್ಷಿ ನ್ಯಾಯಾಲಯಕ್ಕೆ ಬಂದು "ನನಗೇನೂ ಗೊತ್ತಿಲ್ಲ, ನಾನೇನೂ ನೋಡಿಲ್ಲ" ಎನ್ನುವುದು ಏಕೆ? ಕೋರ್ಟಿನ ಭಾಷೆಯಲ್ಲಿ ಅಂಥವರು ಪ್ರತಿಕೂಲ ಸಾಕ್ಷಿ. ಊರಿನ ಭಾಷೆಯಲ್ಲಿ ಉಲ್ಟಾ ಹೊಡೆದವರು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ಕಡೆಯ ನ್ಯಾಯಾಲಯಗಳು ನನ್ನ ಪಾಲಿಗೆ ಬಂದಿದ್ದವು. ನನ್ನ ಮನೆ ಶ್ರೀರಂಗಪಟ್ಟಣದಲ್ಲಿ, ದೇವಸ್ಥಾನದ ಹಿಂದಿನ ಬೀದಿಯಲ್ಲಿ. ಊಟದ ಡಬ್ಬಿ ಕಟ್ಟಿಕೊಂಡು ಬೆಳಿಗ್ಗೆ ಹೊರಟರೆ ಸಂಜೆ ಮನೆ.

ಮೊದಲ ದಿನವೇ ಎಡವಿದೆ. ಕೆ.ಆರ್.ಪೇಟೆ ಕೋರ್ಟಿನ ಹಾಲಿನಲ್ಲಿ ಖಾಲಿ ಕುರ್ಚಿ ಕಂಡು ಕೂತೆ. ಅದು ವಕೀಲರ ಕುರ್ಚಿ. ಯಾರೂ ಏನೂ ಅನ್ನಲಿಲ್ಲ, ಎಲ್ಲರೂ ನೋಡಿದರು. ಎದ್ದು ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಾಗ, ಕಕ್ಷಿದಾರರ ಹೆಸರು ಕೂಗುವ ಜವಾನರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಯಾವ್ ಕೇಸಮ್ಮ? ಡೈವೋರ್ಸಾ?"

"ಅಲ್ಲ, ನಾನು ಸಂಶೋಧನೆಗೆ ಬಂದಿದ್ದೀನಿ."

"ಅದ್ ಸರಿ. ಗಂಡ ಬಂದವ್ನಾ ಇಲ್ವಾ?"

ಮೂರು ವರ್ಷ ಆ ಕೋರ್ಟಿಗೆ ಹೋದೆ. ಕೊನೆಯವರೆಗೂ ಅವರು ನನ್ನ ಗಂಡ ಒಂದು ದಿನ ಬಂದೇ ಬರುತ್ತಾನೆ ಎಂಬ ನಂಬಿಕೆಯಲ್ಲಿದ್ದರು ಅನ್ನಿಸುತ್ತದೆ. "ಬುಡವ್ವಾ, ಬತ್ತಾನೆ" ಎಂದು ಸಮಾಧಾನ ಹೇಳುತ್ತಿದ್ದರು.

ಮೊದಮೊದಲು ನಮ್ಮ ಕೆಲಸ ಕಡತ ಓದುವುದು. ಯಾವ ಪ್ರಕರಣದಲ್ಲಿ ಯಾರು ಯಾವಾಗ ಮಾತು ಬದಲಿಸಿದರು, ಸಾಕ್ಷಿಗೂ ಆರೋಪಿಗೂ ಏನು ಸಂಬಂಧ, ವಿಚಾರಣೆ ಎಷ್ಟು ತಡವಾಯಿತು. ಎಲ್ಲವನ್ನೂ ಗುರುತು ಹಾಕಿಕೊಂಡು ಮುಖ್ಯಸ್ಥರಾದ ವಿಮಲಾ ಮೇಡಂ ಅವರ ಮುಂದಿಡುತ್ತಿದ್ದೆವು. ಅವರು ಕಡಿಮೆ ಮಾತಿನವರು. ಕನ್ನಡಕವನ್ನು ಹಣೆಗೇರಿಸಿ ಓದುತ್ತಿದ್ದರು, ಓದಿ ವಾಪಸ್ ಕೊಡುತ್ತಿದ್ದರು. "ಇದರಲ್ಲಿ ಸಾಕ್ಷಿ ಎಲ್ಲಮ್ಮಾ?" ಎನ್ನುವುದಷ್ಟೇ ಅವರ ಟಿಪ್ಪಣಿ. ಅವರು ಏನು ಕೇಳುತ್ತಿದ್ದಾರೆಂದು ನನಗೆ ಬಹಳ ದಿನ ಅರ್ಥವಾಗಲಿಲ್ಲ.

ಅರ್ಥವಾದದ್ದು ಗೋವಿಂದನಹಳ್ಳಿ ಕಡೆಯ ಒಬ್ಬ ರೈತರಿಂದ. ಜಮೀನಿನ ಬದುವಿನ ಹೊಡೆದಾಟದ ಪ್ರಕರಣದಲ್ಲಿ ಅವರು ಸಾಕ್ಷಿ. ಕಟಕಟೆಯಲ್ಲಿ ನಿಂತು ಅಂದು ತಾವು ಊರಿನಲ್ಲೇ ಇರಲಿಲ್ಲ ಎಂದು ಹೇಳಿ ಇಳಿದಿದ್ದರು. ಆಮೇಲೆ ಹೊರಗೆ ಟೀ ಅಂಗಡಿಯಲ್ಲಿ ಆರೋಪಿಗಳ ಜೊತೆಯಲ್ಲೇ ನಿಂತು ಬನ್ನು ತಿನ್ನುತ್ತಿದ್ದರು. ನಾನು ಹೋಗಿ ಪರಿಚಯ ಹೇಳಿಕೊಂಡೆ. ಅವರು ಮುಚ್ಚುಮರೆ ಮಾಡಲಿಲ್ಲ.

"ನೋಡವ್ವಾ, ನಮ್ಮೂರಿಂದ ಕೋರ್ಟ್ ಒತ್ತಿಗೆ ಬರಾಕೆ ಇರಾದು ಒಂದೇ ಬಸ್ಸು. ಇವ್ರ್ ಜೊತೇಲೇ ಅತ್ಕಂಡ್ ಬಂದೆ. ಟಿಕೇಟು ಇವ್ರೇ ತಗುದ್ರು. ಇನ್ ಓಗ್ವಾಗ್ಲೂ ಇವ್ರ್ ಜೊತೇಲೇ ಓಗ್ಬೇಕು. ಮಧ್ಯದಲ್ಲಿ ಒಂದ್ ಗಳ್ಗೆ ಇಳ್ದು ಇವ್ರ್ ಮ್ಯಾಲೆ ಯೇಳ್ಬುಟ್ಟು ಮತ್ತೆ ಅತ್ಕೊ ಅಂದ್ರೆ ಎಂಗ್ ಅತ್ಕಳ್ಳಿ?"

ಪಕ್ಕದಲ್ಲಿದ್ದ ಆರೋಪಿ ನಕ್ಕ. "ಟಾಪ್ ಮ್ಯಾಲೆ ಅತ್ಕಳ್ಲಾ ಮಾವ."

ಅಂದಿನಿಂದ ನಮ್ಮ ವಿಧಾನ ಬದಲಾಯಿತು. ಕಡತಗಳನ್ನು ಮಧ್ಯಾಹ್ನಕ್ಕೆ ತಳ್ಳಿ, ಬೆಳಿಗ್ಗೆ ಸಾಕ್ಷಿಗಳು ಬರುವ ಬಸ್ಸುಗಳಲ್ಲಿ ಕೂರತೊಡಗಿದೆ. ಯಾರ ಪಕ್ಕದಲ್ಲಿ ಯಾರು ಕೂರುತ್ತಾರೆ, ಟಿಕೆಟ್ ಯಾರು ತೆಗೆಯುತ್ತಾರೆ, ಇಳಿದ ಮೇಲೆ ಯಾರ ಜೊತೆ ನಡೆಯುತ್ತಾರೆ. ಟಿಕೆಟ್ ತೆಗೆಯುವುದು ಸಣ್ಣ ವಿಷಯವಲ್ಲ. ಎದುರು ಕಡೆಯವರು ತೆಗೆದ ಟಿಕೆಟ್ಟನ್ನು ಸಾಕ್ಷಿ ಬೇಡ ಎನ್ನದಿದ್ದರೆ ಒಪ್ಪಂದ ಆಗಿದೆ ಎಂದು ಇಡೀ ಬಸ್ಸಿಗೆ ತಿಳಿಯುತ್ತಿತ್ತು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಹೆಣ್ಣು ಸಾಕ್ಷಿಗಳ ವಿಷಯದಲ್ಲಿ ಆ ಗುರುತು ಸಿಗದೆ ಹೋಯಿತು. ಅದನ್ನೂ ಬರೆದುಕೊಂಡೆ. ವಿಮಲಾ ಮೇಡಂ ಓದಿ, ವಾಪಸ್ ಕೊಡದೆ ಮೇಜಿನ ಮೇಲೆ ಇಟ್ಟುಕೊಂಡರು. ಅದು ಅವರು ಹೊಗಳುವ ರೀತಿ.

ಒಂದು ಕಟ್ಟುಪಾಡು ಮಾತ್ರ ಅವರು ಮೊದಲ ವಾರವೇ ಹೇಳಿದ್ದರು. ವಿಚಾರಣೆ ಬಾಕಿ ಇರುವ ಪ್ರಕರಣದ ಸಾಕ್ಷಿ ಸಿಕ್ಕಿದರೆ, ಹೇಗೆ ಬಂದಿರಿ, ಎಷ್ಟು ಹೊತ್ತು ಕಾದಿರಿ ಎಂದಷ್ಟೇ ಕೇಳಬೇಕು. ಏನು ನೋಡಿದಿರಿ ಎಂದು ಕೇಳಕೂಡದು. ಏನು ಹೇಳಬೇಕು ಎಂದು ಅವರೇ ಕೇಳಿದರೂ ಬಾಯಿ ಬಿಡಕೂಡದು. "ನೀನು ಹೇಳಿದ ಒಂದು ಮಾತಿನಿಂದ ಅವರ ಸಾಕ್ಷ್ಯ ಬಿದ್ದುಹೋಗುತ್ತೆ," ಎಂದಿದ್ದರು. ನಾನು ತಲೆಯಾಡಿಸಿದ್ದೆ. ಸುಮ್ಮನಿರುವುದು ನನಗೆ ಸುಲಭ ಎಂದುಕೊಂಡಿದ್ದೆ.

ಟೀವಿ ಬಂದದ್ದು ಅಚಾನಕ್ಕಾಗಿ. ಮೇಡಂಗೆ ಕರೆ ಬಂದಿತ್ತು, ಅವರಿಗೆ ಜ್ವರ, ನನ್ನ ನಂಬರ್ ಕೊಟ್ಟರು. ಚಾನೆಲ್ಲಿನಲ್ಲಿ ಅತಿಥಿಗಳನ್ನು ಹೊಂದಿಸುವ ದೀಪಾ ಎಂಬ ಹುಡುಗಿ ಫೋನು ಮಾಡಿ, "ಮೇಡಂ, ಲ್ಯಾಪ್‌ಟಾಪಿನಿಂದಲೇ ಬನ್ನಿ, ಹಿಂದೆ ಒಂದು ಪುಸ್ತಕದ ಕಪಾಟು ಇದ್ದರೆ ಚೆನ್ನಾಗಿರುತ್ತೆ," ಎಂದಳು. ನಮ್ಮ ಮನೆಯಲ್ಲಿ ಪುಸ್ತಕದ ಕಪಾಟಿನ ಪಕ್ಕವೇ ಅಡುಗೆಮನೆ ಬಾಗಿಲು. ನನ್ನ ಮೊದಲ ವಾಕ್ಯದ ಮಧ್ಯೆ ಕುಕ್ಕರ್ ಕೂಗಿತು. ನಿರೂಪಕರು ಅದನ್ನು ಲೆಕ್ಕಿಸದೆ, "ಹೌದೋ ಅಲ್ಲವೋ ಹೇಳಿ, ಆರೋಪಿ ತಪ್ಪಿತಸ್ಥನೇ?" ಎಂದರು. ಅದು ನ್ಯಾಯಾಲಯ ತೀರ್ಮಾನಿಸಬೇಕಾದದ್ದು ಎಂದೆ. "ಅಂದರೆ ನೀವು ಆರೋಪಿಯ ಪರ," ಎಂದರು. ಪರದೆಯ ಕೆಳಗೆ ನನ್ನ ಹೆಸರಿನ ಮುಂದೆ 'ಅಪರಾಧ ತಜ್ಞೆ' ಎಂದು ಓಡುತ್ತಿತ್ತು.

ಮುಗಿಸಿ ಬಂದಾಗ ಅಮ್ಮ ತಟ್ಟೆ ಹಾಕುತ್ತ, "ಅಪರಾಧ ತಜ್ಞೆಗೆ ಹುಳಿ ಬಡಿಸಲೋ, ಸಾರು ಬಡಿಸಲೋ?" ಎಂದರು. ನಗು ಬರಲಿಲ್ಲ. ಮತ್ತೆ ಕರೆದಾಗ ಒಲ್ಲೆ ಎನ್ನಬಹುದಿತ್ತು. ಆದರೆ ನಾನು ಒಲ್ಲೆ ಎಂದಿದ್ದ ಒಂದು ದಿನ ನನ್ನ ಜಾಗದಲ್ಲಿ ಯಾರು ಕೂತು ಏನು ಹೇಳುತ್ತಿದ್ದರು ಎಂದು ನೋಡಿದ್ದೆ. ಸಾಕ್ಷಿಗಳೆಲ್ಲ ಮಾರಾಟವಾಗಿದ್ದಾರೆ ಎಂದು ಎದೆ ತಟ್ಟಿ ಹೇಳುವವರೇ ಇದ್ದರು. ಆ ಬಸ್ಸುಗಳಲ್ಲಿ ಒಂದು ದಿನವೂ ಕೂತವರಲ್ಲ ಅವರು. ಹಾಗಾಗಿ ಹೋಗುತ್ತಿದ್ದೆ. ಪ್ರತಿ ಸಲವೂ ಆಮೇಲೆ, ಹೇಳಬೇಕಾದದ್ದು ಪೂರ್ತಿ ಹೇಳಿದೆನೇ ಎಂದು ಪದಪದವನ್ನೂ ತಿರುಗಿಸಿ ನೋಡುತ್ತಿದ್ದೆ.

ಈಗ ಸಾಕಮ್ಮನವರ ವಿಷಯಕ್ಕೆ ಬರುತ್ತೇನೆ. ಇಷ್ಟು ಬರೆದದ್ದೇ ಅವರ ಬಗ್ಗೆ ಹೇಳಲೆಂದು.

ಸಾಕಮ್ಮ ಹೊಣಕೆರೆ ಹೋಬಳಿಯ ಒಂದು ಹಳ್ಳಿಯವರು. ಐವತ್ತು ದಾಟಿದ ವಿಧವೆ. ಊರಿನ ಹಾಲಿನ ಡೈರಿಯಲ್ಲಿ ಹಾಲಿನ ಗಟ್ಟಿತನ ಅಳೆಯುವ ಕೆಲಸ. ನಾಗಮಂಗಲದ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ತಾವಾಗಿಯೇ ಮಾತು ತೆಗೆದಿದ್ದರು. ಕೋರ್ಟಿನಿಂದ ಸಮನ್ಸ್ ಬಂದಿದೆ, ಮೂರು ಸಲ ಹೋದರೂ ಸಾಕ್ಷಿ ತೆಗೆದುಕೊಂಡಿಲ್ಲ, ಪ್ರತಿ ಸಲವೂ ಡೈರಿ ಬಿಟ್ಟು ಬರಬೇಕು. ನಾನು ಕೇಳಬಹುದಾದ ಪ್ರಶ್ನೆಗಳನ್ನು ಮಾತ್ರ ಕೇಳಿದೆ. ಪ್ರಕರಣ ಏನೆಂದು ಆಮೇಲೆ ಕಡತದಿಂದ ತಿಳಿಯಿತು. ಕೊಳವೆಬಾವಿಯ ಪೈಪಿನ ಜಗಳದಲ್ಲಿ ಪಕ್ಕದ ಜಮೀನಿನ ಶಿವಣ್ಣ ಎಂಬವರ ಒಂದು ಕಣ್ಣು ಹೋಗಿತ್ತು. ಆರೋಪಿ ಲೋಕೇಶ. ನೋಡಿದ್ದೇನೆಂದು ಪೊಲೀಸರಿಗೆ ಹೇಳಿಕೆ ಕೊಟ್ಟವರು ಸಾಕಮ್ಮ ಒಬ್ಬರೇ. ಲೋಕೇಶ ಅವರ ವಾರಗಿತ್ತಿ ನಂಜಮ್ಮನ ಮಗ. ಅಣ್ಣತಮ್ಮಂದಿರ ಮನೆಗಳ ನಡುವೆ ಒಂದೇ ಗೋಡೆ. ಲೋಕೇಶ ಸಾಕಮ್ಮನನ್ನು ದೊಡ್ಡವ್ವ ಎಂದು ಕರೆಯುತ್ತ ಬೆಳೆದವನು.

ಅದೇ ಬಸ್ಸಿನ ಮುಂದಿನ ಸೀಟಿನಲ್ಲಿ ನಂಜಮ್ಮ ಕೂತಿರುತ್ತಿದ್ದರು. ಮಗನ ಪ್ರತಿ ವಾಯಿದೆಗೂ ಬರುವವರು. ಹಿಂದಿನ ಬಾಗಿಲ ಹತ್ತಿರ ನಂಜಮ್ಮನ ತಮ್ಮ ಕರಿಯಪ್ಪ. ಅವರು ಸಾಕಮ್ಮನ ಜೊತೆ ಜಗಳ ಆಡುತ್ತಿರಲಿಲ್ಲ. ಅದೇ ಕಷ್ಟವಾಗಿತ್ತು. ಕರಿಯಪ್ಪ ಸಾಕಮ್ಮನಿಗೆ ಸೀಟು ಹಿಡಿದು ಕೊಡುತ್ತಿದ್ದರು. "ಕೂತ್ಕಳಕ್ಕೋ, ಮಂಡಿನೋವಿರೋಳು ನೀನು. ಕೋರ್ಟಲ್ಲೂ ನಿಂತ್ಕಂಡೇ ಇರ್ಬೇಕಲ್ಲ," ಎನ್ನುತ್ತಿದ್ದರು. ಬಸ್ಸಿನಲ್ಲಿ ಒಬ್ಬಿಬ್ಬರು ನಗುತ್ತಿದ್ದರು. ಸಾಕಮ್ಮ ಆ ಸೀಟಿನಲ್ಲಿ ಕೂರದೆ ಬಂದು ನನ್ನ ಪಕ್ಕ ನಿಂತಿರುತ್ತಿದ್ದರು.

ಒಮ್ಮೆ ಅವರೇ ಹೇಳಿದರು. "ಸಾಕ್ಷಿ ಯೇಳಾಕೆ ಭಯ ಇಲ್ಲ ಕಣವ್ವ. ಯೇಳ್ಬುಟ್ಟು ಮನೆಗೆ ಬಂದ್ರೆ ಗ್ವಾಡೆ ಆ ಕಡೆಯಿಂದ ಅವ್ಳ್ ಅಳಾದು ಕೇಳ್ತದಲ್ಲ, ಅದ್ಕೆ ಭಯ. ಇತ್ಲಾಗೆ ಶಿವಣ್ಣ ದಿನಾ ಹಾಲ್ ಆಕಾಕೆ ಬತ್ತಾನೆ. ಕ್ಯಾನು ಇಡುವಾಗ ಜಾಗ ಕಾಣ್ದೆ ತಡವರಿಸ್ತಾನೆ. ಅದ್ನೂ ನೋಡ್ಬೇಕು."

ನಾನು ಕಿಟಕಿಯ ಕಡೆ ನೋಡಿದೆ. ಹೆದರಿಕೆ ಇದ್ದರೆ ರಕ್ಷಣೆ ಕೇಳಿ ಅರ್ಜಿ ಹಾಕಬಹುದು ಎಂಬ ಮಾಹಿತಿ ಕೊಡಲು ನನಗೆ ಅಡ್ಡಿ ಇರಲಿಲ್ಲ. ಕೊಟ್ಟೆ.

"ರಕ್ಷಣೆ ಅಂದ್ರೆ?"

"ಪೊಲೀಸರು ಮನೆ ಹತ್ತಿರ ಇರ್ತಾರೆ."

"ಅಯ್ಯೋ ಬುಡವ್ವಾ. ಅವ್ನಿಗೂ ಸೇರ್ಸಿ ನಾನೇ ಮುದ್ದೆ ತೊಳಸ್ಬೇಕಾಯ್ತದೆ."

ಆ ವಾರವೇ ರಾಜ್ಯದ ಇನ್ನೊಂದು ಮೂಲೆಯ ದೊಡ್ಡ ಪ್ರಕರಣವೊಂದರಲ್ಲಿ ಸಾಕ್ಷಿಗಳು ಸಾಲಾಗಿ ಮಾತು ಬದಲಿಸಿದರು. ಎಲ್ಲ ಚಾನೆಲ್ಲುಗಳಲ್ಲೂ ಅದೇ. ದೀಪಾ ಕರೆದಳು, ಹೋದೆ. ಚರ್ಚೆಯಲ್ಲಿದ್ದ ಇನ್ನೊಬ್ಬರು, ನಿವೃತ್ತ ಅಧಿಕಾರಿ, ಉಲ್ಟಾ ಹೊಡೆದವರನ್ನೆಲ್ಲ ಒಳಗೆ ಹಾಕಬೇಕು ಎಂದು ಗುಡುಗಿದರು. ನನ್ನ ಸರದಿ ಬಂದಾಗ ನಾನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮಾತು ಎರಡು ಭಾಗದ್ದು. ಮೊದಲ ಭಾಗ ಹೇಳಿದೆ: "ಮಾತು ಬದಲಿಸಿದ ಸಾಕ್ಷಿಯನ್ನು ಸುಳ್ಳುಗಾರರು ಎಂದು ಬೈಯುವುದು ಸುಲಭ. ಅವರು ಮರಳಿ ಅದೇ ಊರಿಗೆ ಹೋಗಬೇಕು, ಅದೇ ಜನರ ನಡುವೆ ಬದುಕಬೇಕು. ಅವರನ್ನು ದೂರಬೇಡಿ." ಎರಡನೆಯ ಭಾಗ: "ಆದರೆ ಪೆಟ್ಟು ತಿಂದವರೂ ಅದೇ ಊರಿನಲ್ಲೇ ಬದುಕಬೇಕು. ಸತ್ಯ ಹೇಳಿದವರು ನಿಶ್ಚಿಂತೆಯಿಂದ ಮನೆಗೆ ಮರಳುವಂತೆ ಮಾಡುವುದು ನಮ್ಮ ಹೊಣೆ." "ಆದರೆ" ಎಂಬ ಪದ ಬಾಯಲ್ಲಿರುವಾಗಲೇ ನಿರೂಪಕರು, "ಒಂದು ಚಿಕ್ಕ ವಿರಾಮ," ಎಂದರು. ವಿರಾಮದ ನಂತರ ಚರ್ಚೆ ಬೇರೆ ಕಡೆ ಹೋಗಿತ್ತು.

ಈ ಕೆಲಸಕ್ಕೆ ಬರುವವರು ಇದೊಂದನ್ನು ಕಲಿಯಬೇಕು. ಎರಡು ಭಾಗದ ಮಾತನ್ನು ಟೀವಿಯಲ್ಲಿ ಆಡಬಾರದು. ಆಡಲೇಬೇಕಾದರೆ ಕಷ್ಟದ ಭಾಗವನ್ನು ಮೊದಲು ಆಡಬೇಕು.

ಮಾರನೆಯ ಬೆಳಿಗ್ಗೆ ಸಾಕಮ್ಮನ ಫೋನು ಬಂತು. ಬಸ್ಸಿನ ಸಮಯ ಕೇಳಲೆಂದು ಹಿಂದೊಮ್ಮೆ ನಂಬರ್ ತೆಗೆದುಕೊಂಡಿದ್ದರು. ಹಿನ್ನೆಲೆಯಲ್ಲಿ ಕ್ಯಾನುಗಳ ಸದ್ದು.

"ಏನವ್ವಾ, ಟೀವೀಲಿ ಅಂಗ್ ಯೇಳ್ಬುಟ್ಟಿದ್ದೀಯಲ್ಲ?"

"ಯಾರು ಹೇಳಿದ್ರು?"

"ಕರಿಯಪ್ಪ ಮೊಬೈಲು ತಂದು ಡೈರಿ ಮುಂದೇನೇ ಆಕ್ದ. ಊರೋರೆಲ್ಲ ನೋಡುದ್ರು. 'ನೋಡಕ್ಕೋ, ಬಸ್ಸಲ್ಲಿ ನಿನ್ ಪಕ್ದಲ್ಲಿ ಕೂರಾ ಮೇಡಮ್ಮೇ ಯೇಳ್ತಾವ್ರೆ. ಅದೇ ಊರಲ್ಲಿ ಬದುಕ್ಬೇಕು, ದೂರ್ಬ್ಯಾಡಿ ಅಂತ. ಓದ್ದೋರೇ ಅಂಗಂದ್ಮ್ಯಾಲೆ ಇನ್ನೇನು' ಅಂದ."

ನಾನು ಆಡಿದ ಮಾತು ಅದು. ಯಾರೂ ತಿರುಚಿರಲಿಲ್ಲ. ಅದು ನಿಜವೂ ಆಗಿತ್ತು.

"ನಾಡಿದ್ದು ವಾಯಿದೆ ಅದೆ," ಎಂದರು ಸಾಕಮ್ಮ. "ಈ ಸಲ ತಗಂಡೇ ತಗತಾರೆ ಅಂತ ಪೊಲೀಸ್ನೋರು ಯೇಳವ್ರೆ. ನೀನು ಅಷ್ಟ್ ಊರು ತಿರುಗ್ದೋಳು, ಅಷ್ಟ್ ಕೇಸ್ ನೋಡ್ದೋಳು. ನಾನ್ ಏನ್ ಮಾಡ್ಲಿ ಯೇಳು."

ಟೀವಿಯಲ್ಲಿ ಅರ್ಧ ಉಳಿದಿದ್ದ ಮಾತು ನನಗೆ ಪದಪದವೂ ನೆನಪಿತ್ತು. ಅದನ್ನು ಪೂರ್ತಿ ಮಾಡಿದರೆ ಸಾಕಾಗಿತ್ತು. ಆದರೆ ಪೂರ್ತಿ ಮಾಡಿದರೆ ಅದು ಸಲಹೆ. ವಿಚಾರಣೆಗೆ ಎರಡು ದಿನ ಮುಂಚೆ ಸಾಕ್ಷಿಗೆ ನಾನು ಕೊಟ್ಟ ಸಲಹೆ.

"ಸಾಕಮ್ಮ, ನಾನು ಏನೂ ಹೇಳೋ ಹಾಗಿಲ್ಲ. ಏನಾದ್ರೂ ಕೇಳೋದಿದ್ರೆ ಸರ್ಕಾರಿ ವಕೀಲರನ್ನ ಕೇಳಿ."

ಆ ಕಡೆ ಕ್ಯಾನಿನ ಮುಚ್ಚಳ ಬಡಿದು ಮುಚ್ಚಿದ ಸದ್ದು.

"ಟೀವೀಲಿ ಅಷ್ಟ್ ಜನಕ್ಕೆ ಯೇಳಾಕಾಯ್ತದೆ, ನನ್ ಒಬ್ಳಿಗೆ ಯೇಳಾಕಾಗಕಿಲ್ವಾ?"

ಮತ್ತೆ ಅವರೇ, "ಆಯ್ತು ಬುಡು. ಹಾಲ್ ಬಂತು," ಎಂದು ಫೋನು ಇಟ್ಟರು.

ವಿಮಲಾ ಮೇಡಂ ಹತ್ತಿರ ಓಡಿದೆ. ಆ ಉಳಿದರ್ಧವನ್ನು ಚಾನೆಲ್ಲಿನಲ್ಲೇ ಇನ್ನೊಮ್ಮೆ ಹೇಳಬಹುದಲ್ಲ ಎಂದು ಕೇಳಿದೆ. ಅವರು ಕನ್ನಡಕ ಇಳಿಸಿದರು.

"ಯಾರಿಗೆ ಹೇಳ್ತೀಯ? ರಾಜ್ಯಕ್ಕಾ, ಆ ಹೆಂಗಸಿಗಾ?"

"ಎಲ್ಲರಿಗೂ."

"ನಿನ್ನ ಮನಸ್ಸಿನಲ್ಲಿ ಇರೋದು ಆ ಹೆಂಗಸು. ಹಾಗಾದರೆ ಅದೂ ಸಲಹೆನೇ. ಸುತ್ತು ಬಳಸಿ ಕೊಟ್ಟರೂ ಸಲಹೆನೇ."

ಅವರ ಮೇಲೆ ನನಗೆ ಸಿಟ್ಟು ಬಂತು. ಅವರಿಗೆ ಅದು ಗೊತ್ತಾಯಿತು. "ಸಿಟ್ಟು ಮಾಡ್ಕೊ. ಆದರೆ ಫೋನು ಮಾಡಬೇಡ," ಎಂದರು. ಎರಡು ದಿನ ಫೋನನ್ನು ಕೈಗೆ ತೆಗೆದುಕೊಳ್ಳುವುದು, ಇಡುವುದು. ಅಮ್ಮ, "ಯಾರ ಫೋನಿಗೆ ಕಾಯ್ತಿದ್ದೀಯೇ?" ಎಂದು ಸಂಶಯದಿಂದ, ಕೊಂಚ ಆಸೆಯಿಂದಲೂ ಕೇಳಿದರು. ಐವತ್ತು ದಾಟಿದ ವಿಧವೆಯೊಬ್ಬರ ಫೋನಿಗೆ ಎಂದು ಹೇಳಲು ಮನಸ್ಸಾಗಲಿಲ್ಲ.

ವಾಯಿದೆಯ ಬೆಳಿಗ್ಗೆ ನಾಗಮಂಗಲದ ಬಸ್ಸು ಹತ್ತಿದೆ. ಅವರ ಊರಿನ ನಿಲ್ದಾಣದಲ್ಲಿ ನಂಜಮ್ಮ ಹತ್ತಿದರು, ಕರಿಯಪ್ಪ ಹತ್ತಿದರು, ಲೋಕೇಶ ಹತ್ತಿದ. ಸಾಕಮ್ಮ ಇರಲಿಲ್ಲ. ಕರಿಯಪ್ಪ ನನ್ನನ್ನು ನೋಡಿ ಗೌರವದಿಂದಲೇ ಕೈ ಮುಗಿದರು. "ಚೆನ್ನಾಗ್ ಮಾತಾಡುದ್ರಿ ಮೇಡಂ ಟೀವೀಲಿ. ನಮ್ಮಂಥೋರ್ ಕಷ್ಟ ಗೊತ್ತು ನಿಮ್ಗೆ." ನಾನು ತಲೆ ತಗ್ಗಿಸಿದೆ. ಸಾಕ್ಷಿ ಬರುವುದೇ ಇಲ್ಲ ಎಂದುಕೊಂಡೆ.

ಕೋರ್ಟಿನ ಕಾರಿಡಾರಿಗೆ ಹೋದರೆ ಸಾಕಮ್ಮ ಆಗಲೇ ಬೆಂಚಿನ ತುದಿಯಲ್ಲಿ ಕೂತಿದ್ದರು. ಸೀರೆಯ ಅಂಚೆಲ್ಲ ಒದ್ದೆ, ಮೈಯಿಂದ ಹಾಲಿನ ವಾಸನೆ. ಡೈರಿಯ ಕ್ಯಾನು ಸಾಗಿಸುವ ವ್ಯಾನಿನಲ್ಲಿ, ಕ್ಯಾನುಗಳ ನಡುವೆ ನಿಂತುಕೊಂಡು ಬಂದಿದ್ದರಂತೆ. ಅದನ್ನು ಹೇಳಿದ್ದು ಅವರಲ್ಲ, ಕೋರ್ಟಿನ ಕೆಲಸಕ್ಕೆ ಬಂದಿದ್ದ ಪೊಲೀಸರು. ಸಾಕಮ್ಮ ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದರು. ನಾನು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ.

ಹೆಸರು ಕೂಗಿದರು. ಅವರು ಕಟಕಟೆ ಹತ್ತಿ, ಪ್ರಮಾಣ ಮಾಡಿ, ಸರ್ಕಾರಿ ವಕೀಲರು ಕೇಳಿದ ಮೊದಲ ಪ್ರಶ್ನೆಗೆ ನೀರು ಕೇಳಿದರು. ಕುಡಿದರು. ಆಮೇಲೆ ಹೇಳಿದರು. ಆ ದಿನ ಹಸುವಿಗೆ ಮೇವು ಕೊಯ್ಯಲು ಹೋಗಿದ್ದೆ, ಪೈಪಿನ ಹತ್ತಿರ ಇಬ್ಬರೂ ಬೈದಾಡುತ್ತಿದ್ದರು, ಲೋಕೇಶ ಪೈಪು ಬಿಗಿಯುವ ಪಾನದಿಂದ ಹೊಡೆದ, ನಾನು ಕೂಗಿಕೊಂಡೆ. ಅಷ್ಟೇ. ಪೊಲೀಸರಿಗೆ ಹೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಅವರು ಏನು ನೋಡಿದ್ದರು ಎಂದು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನಂಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಆಮೇಲೆ ಪಾಟಿ ಸವಾಲು. ಲೋಕೇಶನ ವಕೀಲರು ಜಮೀನಿನ ಹಳೆಯ ಮನಸ್ತಾಪ ಕೇಳಿದರು, ಕಣ್ಣಿನ ದೃಷ್ಟಿ ಕೇಳಿದರು. ಇದ್ದಕ್ಕಿದ್ದಂತೆ ಹಿಂದಿನ ಸಾಲಿನತ್ತ ತಿರುಗಿದರು.

"ಅಲ್ಲಿ ಕೂತಿರೋ ಮೇಡಂ ನಿಮಗೆ ಗೊತ್ತಾ?"

ಎಲ್ಲರೂ ತಿರುಗಿ ನೋಡಿದರು. ಕೆ.ಆರ್.ಪೇಟೆಯ ಆ ಮೊದಲ ದಿನದ ಕುರ್ಚಿ ನೆನಪಾಯಿತು.

"ಗೊತ್ತು ಸ್ವಾಮಿ."

"ಟೀವಿಯಲ್ಲಿ ಸಾಕ್ಷಿಗಳ ಬಗ್ಗೆ ಮಾತಾಡೋರು. ನಿಮ್ಮ ಜೊತೆ ಬಸ್ಸಿನಲ್ಲಿ ಬರೋರು. ಈ ಕೇಸಿನಲ್ಲಿ ಹೀಗೇ ಸಾಕ್ಷಿ ಹೇಳಬೇಕು ಅಂತ ಅವರೇ ನಿಮಗೆ ಹೇಳಿಕೊಟ್ಟಿದ್ದಾರೆ. ಹೌದಾ ಅಲ್ವಾ?"

ಸಾಕಮ್ಮ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಪ್ರೀತಿ ಇರಲಿಲ್ಲ.

"ಇಲ್ಲ ಸ್ವಾಮಿ. ನಾನೇ ಕೇಳ್ದೆ ಫೋನಲ್ಲಿ, ಏನ್ ಮಾಡ್ಲಿ ಅಂತ. ಏನೂ ಯೇಳಾಂಗಿಲ್ಲ ಅಂದ್ಬುಟ್ರು. ಒಂದ್ ಮಾತೂ ಯೇಳ್ನಿಲ್ಲ."

ನ್ಯಾಯಾಧೀಶರು ಅದನ್ನು ಬರೆಸಿದರು. ವಕೀಲರು ಮುಂದಿನ ಪ್ರಶ್ನೆಗೆ ಹೋದರು. ಆ ಎರಡು ದಿನಗಳಲ್ಲಿ ಯಾವುದೋ ಒಂದು ಗಳಿಗೆಯಲ್ಲಿ ನಾನು ಫೋನು ಮಾಡಿದ್ದಿದ್ದರೆ, ಒಂದೇ ಒಂದು ವಾಕ್ಯ ಹೇಳಿದ್ದಿದ್ದರೆ, ಆ ಹೆಂಗಸು ಪ್ರಮಾಣ ಮಾಡಿ ನಿಂತ ಜಾಗದಲ್ಲಿ ಏನು ಉತ್ತರ ಕೊಡುತ್ತಿದ್ದರು ಎಂದು ಇವತ್ತಿಗೂ ಯೋಚಿಸುತ್ತೇನೆ. ಹೇಳದೆ ಇದ್ದುದು ಸರಿ ಎಂದು ಅಂದೇ ಗೊತ್ತಾಯಿತು. ಆದರೂ ಫೋನಿನಲ್ಲಿ ಅವರು ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ.

ಆ ಪ್ರಕರಣದಲ್ಲಿ ಆಮೇಲೆ ಲೋಕೇಶನಿಗೆ ಶಿಕ್ಷೆಯಾಯಿತು. ಮೇಲ್ಮನವಿ ಇನ್ನೂ ಬಾಕಿ ಇದೆ. ಅದು ಕಡತದಲ್ಲಿ ಸಿಗುವ ವಿಷಯ. ನಾನು ಹೇಳಬೇಕೆಂದಿರುವುದು ಕಡತದಲ್ಲಿ ಇಲ್ಲ.

ಸಾಕ್ಷ್ಯ ಮುಗಿದಾಗ ಮಧ್ಯಾಹ್ನ. ಹಾಲಿನ ವ್ಯಾನು ಯಾವಾಗಲೋ ಹೊರಟುಹೋಗಿತ್ತು. ಊರಿಗೆ ಹೋಗುವ ಬಸ್ಸು ಒಂದೇ. ನಾನು ಬಸ್ ನಿಲ್ದಾಣದವರೆಗೂ ಸಾಕಮ್ಮನ ಹಿಂದೆ ನಡೆದು, ಕೊನೆಗೆ ಧೈರ್ಯ ಮಾಡಿ, "ಕಾರು ಮಾಡಿಕೊಡ್ತೀನಿ, ಇವತ್ತೊಂದು ದಿನ," ಎಂದೆ.

"ಇವತ್ತು ಕಾರಲ್ಲಿ ಓದ್ರೆ ನಾಳೀಕೆ ಯಾವ್ದ್ರಲ್ಲಿ ಓಗ್ಲಿ?" ಎಂದರು. ಸಿಟ್ಟಿನಿಂದಲ್ಲ, ಸುಸ್ತಾದ ದನಿಯಲ್ಲಿ.

ಬಸ್ಸು ಬಂತು. ನಂಜಮ್ಮ ಮುಂಚೆಯೇ ಹತ್ತಿ ಕಿಟಕಿಯ ಪಕ್ಕ ಕೂತಿದ್ದರು. ಕರಿಯಪ್ಪ ಮತ್ತು ಲೋಕೇಶ ವಕೀಲರ ಹತ್ತಿರವೇ ಉಳಿದುಕೊಂಡಿದ್ದರು. ಸಾಕಮ್ಮ ಬಾಗಿಲ ಹತ್ತಿರವೇ ಕಂಬಿ ಹಿಡಿದು ನಿಂತರು. ನಾನು ಅವರ ಹಿಂದೆ. ಕಾಲೇಜು ಬಿಟ್ಟ ಹುಡುಗಿಯರು ನುಗ್ಗಿದರು. ಕಂಡಕ್ಟರು, "ಒಳಕ್ಕೋಗ್ರವ್ವಾ, ಒಳಕ್ಕೆ! ಬಾಗ್ಲಲ್ಲೇನ್ ಮದುವೆ ನಡೀತಾ ಅದಾ?" ಎಂದು ಕೂಗುತ್ತಿದ್ದರು. ನೂಕಿದ ನೂಕಿಗೆ ಸಾಕಮ್ಮ ಹೋಗಿ ನಿಂತದ್ದು ನಂಜಮ್ಮನ ಸೀಟಿಗೆ ಒರಗಿಕೊಂಡೇ.

ಈ ಕಡೆಯ ಬಸ್ಸುಗಳಲ್ಲಿ ನಿಂತವರ ಚೀಲವನ್ನು ಕೂತವರು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಪರಿಚಯ ಬೇಕಿಲ್ಲ, ಕೇಳಬೇಕಿಲ್ಲ. ನಂಜಮ್ಮನ ಮಡಿಲಲ್ಲಿ ಆಗಲೇ ಯಾವುದೋ ಹುಡುಗಿಯ ಕಾಲೇಜು ಬ್ಯಾಗು ಇತ್ತು. ಸಾಕಮ್ಮನ ಹೆಗಲಲ್ಲಿ ಬಟ್ಟೆಯ ಚೀಲ. ಬಸ್ಸು ಕುಲುಕಿದಾಗಲೆಲ್ಲ ಅದು ನಂಜಮ್ಮನ ತೋಳಿಗೆ ಬಡಿಯುತ್ತಿತ್ತು. ನಂಜಮ್ಮ ಕಿಟಕಿಯಿಂದ ಆಚೆ ನೋಡುತ್ತಿದ್ದರು. ಸಾಕಮ್ಮ ಕಂಬಿಯನ್ನು ನೋಡುತ್ತಿದ್ದರು. ನನ್ನ ಫೋನು ಅದುರಿತು. ದೀಪಾ. ನಾನು ತೆಗೆಯಲಿಲ್ಲ. ಊರಿನ ಗುರುತಿದ್ದ ಒಂದಿಬ್ಬರು ಮಾತು ನಿಲ್ಲಿಸಿ ಈ ಇಬ್ಬರನ್ನೇ ನೋಡುತ್ತಿದ್ದರು. ಬೈಗುಳ ಬರುತ್ತದೆ, ಇಲ್ಲವೇ ಅಳು ಬರುತ್ತದೆ ಎಂದು ನಾನೂ ಕಾಯುತ್ತಿದ್ದೆ.

ಕೆರೆ ಏರಿಯ ತಿರುವಿನಲ್ಲಿ ಡ್ರೈವರು ಬ್ರೇಕು ಹಾಕಿದರು. ಚೀಲ ಜೋರಾಗಿ ಬಂದು ಬಡಿಯಿತು. ನಂಜಮ್ಮ ಕಿಟಕಿಯಿಂದ ಮುಖ ತಿರುಗಿಸದೆಯೇ ಕೈ ಚಾಚಿ ಚೀಲದ ಹಿಡಿ ಹಿಡಿದು ತಮ್ಮ ಮಡಿಲಿಗೆ ಎಳೆದುಕೊಂಡರು. ಸಾಕಮ್ಮ ಬಿಡಲಿಲ್ಲ. ಸ್ವಲ್ಪ ದೂರ ಇಬ್ಬರ ಕೈಯೂ ಆ ಹಿಡಿಯ ಮೇಲೆ ಇತ್ತು. ಆಮೇಲೆ ಸಾಕಮ್ಮ ಬಿಟ್ಟರು.

ಅವರ ಊರು ಬಂದಾಗ ನಂಜಮ್ಮ ಮೊದಲು ಇಳಿದರು, ಆ ಚೀಲದ ಸಮೇತ. ಹಿಂದೆ ಸಾಕಮ್ಮ. ಇಳಿಯುವಾಗ ಸಾಕಮ್ಮ ನನ್ನ ತೋಳು ಮುಟ್ಟಿ, "ಬತ್ತೀನಿ ಕಣವ್ವ," ಎಂದರು. ಬಸ್ಸು ಹೊರಟಿತು. ಹಿಂದಿನ ಗಾಜಿನಿಂದ ನೋಡಿದೆ. ಇಬ್ಬರೂ ಒಂದೇ ಓಣಿಯಲ್ಲಿ ನಡೆದು ಹೋಗುತ್ತಿದ್ದರು. ನಡುವೆ ನಾಲ್ಕಾರು ಮಾರು ದೂರ ಇತ್ತು. ಚೀಲ ನಂಜಮ್ಮನ ಕೈಯಲ್ಲೇ ಇತ್ತು.

ಫೋನು ಮತ್ತೆ ಅದುರಿತು. ಈ ಸಲ ತೆಗೆದೆ. ದೀಪಾ ಅವಸರದಲ್ಲಿದ್ದಳು. "ಮೇಡಂ, ಇವತ್ತೂ ಅದೇ ಟಾಪಿಕ್ಕು. ಸತ್ಯ ಹೇಳಿದ ಸಾಕ್ಷಿಗೆ ಊರಲ್ಲಿ ಏನಾಗುತ್ತೆ ಅಂತ ಒಂದೇ ವಾಕ್ಯದಲ್ಲಿ ಹೇಳಿದ್ರೆ ಸಾಕು."

"ಗೊತ್ತಿಲ್ಲ," ಎಂದೆ.

"ಹಾಂ?"

"ನನಗೆ ಗೊತ್ತಿಲ್ಲ ದೀಪಾ."

ಅವಳು ಇನ್ನೊಬ್ಬರನ್ನು ಹುಡುಕಿಕೊಂಡಳು. ಅದಾದ ಮೇಲೆ ಆರು ತಿಂಗಳು ಸಂಸ್ಥೆಯಲ್ಲಿದ್ದು, ವರದಿ ಮುಗಿಸಿಕೊಟ್ಟು ಬಿಟ್ಟೆ. ವರದಿಯಲ್ಲಿ ಬಸ್ಸಿನ ಅಧ್ಯಾಯವಿದೆ, ಸಾಕ್ಷಿಗಳಿಗೆ ಬೇರೆ ವಾಹನದ ವ್ಯವಸ್ಥೆ ಬೇಕೆಂಬ ಶಿಫಾರಸು ಇದೆ. ಚೀಲದ ವಿಷಯ ಇಲ್ಲ. ಅದನ್ನು ಯಾವ ತಲೆಬರಹದ ಕೆಳಗೆ ಬರೆಯಬೇಕೆಂದು ವಿಮಲಾ ಮೇಡಂ ಅವರಿಗೂ ಹೊಳೆಯಲಿಲ್ಲ.

ಕಾಲೇಜಿಗೆ ಹೋಗುವ ದಾರಿಯಲ್ಲಿ ಒಮ್ಮೊಮ್ಮೆ ಡೈರಿ ವ್ಯಾನು ಎದುರಾಗುತ್ತದೆ. ಸಾಕಮ್ಮನ ನಂಬರ್ ಇನ್ನೂ ನನ್ನ ಫೋನಿನಲ್ಲಿದೆ. ಈಗ ಮಾತಾಡಲು ಯಾವ ಕಟ್ಟುಪಾಡೂ ಅಡ್ಡ ಬರುವುದಿಲ್ಲ. ಆದರೆ ಆ ಚೀಲ ಎಲ್ಲಿ, ಯಾವಾಗ ಅವರ ಕೈಗೆ ಮರಳಿ ಬಂತು ಎಂದು ನಾನು ಇದುವರೆಗೆ ಕೇಳಿಲ್ಲ.